‘ಹೋಗಿದ್ದೆ’ ಅಂದರೆ ಯಾವಾಗಲೂ ‘ಹ್ಯಾಡ್ ಗಾನ್’ ಅಲ್ಲ: ಇಂಗ್ಲಿಷ್‌ನಲ್ಲಿ ಸರಿಯಾದ ಭೂತಕಾಲ ಆರಿಸುವುದು ಹೇಗೆ?

ಸೋಮವಾರ ಬೆಳಗ್ಗೆ ಆಫೀಸಿನಲ್ಲಿ ಯಾರಾದರೂ ‘ನಿನ್ನೆ ಏನು ಮಾಡಿದ್ರಿ?’ ಅಂತ ಕೇಳಿದರೆ ನಾವು ಸಲೀಸಾಗಿ ಹೇಳುತ್ತೇವೆ: ‘ಮೈಸೂರಿಗೆ ಹೋಗಿದ್ದೆ.’ ಅದೇ ಪ್ರಶ್ನೆ ಇಂಗ್ಲಿಷ್‌ನಲ್ಲಿ ಬಂದರೆ ಬಾಯಿಗೆ ಬರುವ ಉತ್ತರ ಹೀಗಿರುತ್ತದೆ: ‘ಐ ಹ್ಯಾಡ್ ಗಾನ್ ಟು ಮೈಸೂರು ಯೆಸ್ಟರ್‌ಡೇ.’ ಹೇಳಿದವರಿಗೂ ಇದು ಸರಿ ಅನ್ನಿಸುತ್ತದೆ. ಪಕ್ಕದಲ್ಲಿ ಕೂತ ಕನ್ನಡದವರಿಗೂ ಸರಿ ಅನ್ನಿಸುತ್ತದೆ. ಆದರೆ ಇಂಗ್ಲಿಷ್ ಮನೆಮಾತಾಗಿರುವವರು ಕೇಳಿಸಿಕೊಂಡರೆ ಮುಂದಿನ ಮಾತಿಗೆ ಕಾಯುತ್ತಾರೆ. ‘ಹೋಗಿದ್ದೆ, ಸರಿ. ಆಮೇಲೆ ಏನಾಯ್ತು?’ ಅಂತ. ‘ಹ್ಯಾಡ್’ ಬಂದರೆ ಅವರಿಗೆ ಅರ್ಧ ಕಥೆ ಸಿಕ್ಕ ಹಾಗೆ. ಅಲ್ಲಿ ಬೇಕಿದ್ದದ್ದು ಸರಳ ವಾಕ್ಯ: ‘ಐ ವೆಂಟ್ ಟು ಮೈಸೂರು ಯೆಸ್ಟರ್‌ಡೇ.’

ನಾನು ಕನ್ನಡ ಮಾಧ್ಯಮದಲ್ಲಿ ಓದಿದವಳು. ಈಗ ಸಂಜೆ ಹೊತ್ತು ದೊಡ್ಡವರಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ನರ್ಸ್‌ಗಳು, ಅಂಗಡಿ ನೋಡಿಕೊಳ್ಳುವವರು, ಇಂಟರ್‌ವ್ಯೂಗೆ ತಯಾರಾಗುತ್ತಿರುವ ಹುಡುಗ ಹುಡುಗಿಯರು ಬರುತ್ತಾರೆ. ಎಲ್ಲರೂ ಭೂತಕಾಲದಲ್ಲಿ ಒಂದೇ ಜಾಗಗಳಲ್ಲಿ ಎಡವುತ್ತಾರೆ. ‘ನಮಗೆ ಗ್ರಾಮರ್ ಬರಲ್ಲ ಮೇಡಂ’ ಅಂತ ಬೇಜಾರು ಮಾಡಿಕೊಳ್ಳುತ್ತಾರೆ. ನಾನು ಅವರಿಗೆ ಹೇಳುವುದು ಇಷ್ಟೇ: ನಿಮಗೆ ಕನ್ನಡ ಚೆನ್ನಾಗಿ ಬರುತ್ತದೆ, ಅದಕ್ಕೇ ಈ ತಪ್ಪಾಗುತ್ತದೆ. ಕನ್ನಡದ ಕ್ರಿಯಾಪದ ತನ್ನ ದಾರಿಯಲ್ಲಿ ಸರಿಯಾಗಿಯೇ ನಡೆಯುತ್ತದೆ. ಇಂಗ್ಲಿಷ್ ಎಲ್ಲಿ ಬೇರೆ ದಾರಿ ಹಿಡಿಯುತ್ತದೆ ಅನ್ನುವುದು ಗೊತ್ತಾದರೆ ಸಾಕು.

ಹಾಗಾಗಿ ಶಾಲೆಯಲ್ಲಿ ಬಾಯಿಪಾಠ ಮಾಡಿದ ಹನ್ನೆರಡು ಟೆನ್ಸ್‌ಗಳ ಪಟ್ಟಿಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಕನ್ನಡದಿಂದಲೇ ಶುರು ಮಾಡೋಣ.

ನಿಮ್ಮ ಕನ್ನಡದ ನಾಲ್ಕು ರೂಪಗಳು

‘ಬರೆ’ ಅನ್ನುವ ಕ್ರಿಯಾಪದ ತೆಗೆದುಕೊಳ್ಳಿ. ಬರೆದೆ, ಬರೆದಿದ್ದೇನೆ, ಬರೆದಿದ್ದೆ, ಬರೆಯುತ್ತಿದ್ದೆ. ಆಗಿಹೋದ ಕೆಲಸದ ಬಗ್ಗೆ ನಾವು ದಿನವೂ ಆಡುವ ಮಾತೆಲ್ಲ ಹೆಚ್ಚುಕಡಿಮೆ ಈ ನಾಲ್ಕರಲ್ಲೇ ಮುಗಿಯುತ್ತದೆ. ಇಂಗ್ಲಿಷ್‌ನಲ್ಲೂ ಇವಕ್ಕೆ ಜೋಡಿ ಅಂತ ನಾಲ್ಕು ರೂಪಗಳನ್ನು ನಮಗೆ ಕಲಿಸಿದ್ದಾರೆ: ರೋಟ್, ಹ್ಯಾವ್ ರಿಟನ್, ಹ್ಯಾಡ್ ರಿಟನ್, ವಾಸ್ ರೈಟಿಂಗ್. ತರಗತಿಯಲ್ಲಿ ಒಂದಕ್ಕೊಂದು ಗೆರೆ ಎಳೆದು ಸೇರಿಸಿರುತ್ತೇವೆ.

ತೊಂದರೆ ಇರುವುದು ಆ ಗೆರೆಗಳಲ್ಲಿ. ‘ಬರೆದೆ’ ಮತ್ತು ‘ರೋಟ್’ ಬಹುಪಾಲು ಹೊಂದುತ್ತವೆ. ‘ಬರೆದಿದ್ದೇನೆ’ ಮತ್ತು ‘ಹ್ಯಾವ್ ರಿಟನ್’ ಒಂದಷ್ಟು ದೂರ ಜೊತೆಗೆ ಹೋಗಿ ಆಮೇಲೆ ಬೇರೆಯಾಗುತ್ತವೆ. ‘ಬರೆಯುತ್ತಿದ್ದೆ’ ಇಂಗ್ಲಿಷ್‌ನಲ್ಲಿ ಎರಡಾಗಿ ಒಡೆಯುತ್ತದೆ. ‘ಬರೆದಿದ್ದೆ’ ಮತ್ತು ‘ಹ್ಯಾಡ್ ರಿಟನ್’ ಮಾತ್ರ ನಮ್ಮನ್ನು ಜಾಸ್ತಿ ಮೋಸ ಮಾಡುತ್ತವೆ.

ಒಂದು ವಾಕ್ಯ ಹೇಳುವ ಮೊದಲು ಕೆಳಗಿನ ಪ್ರಶ್ನೆಗಳನ್ನು ಇದೇ ಕ್ರಮದಲ್ಲಿ ಕೇಳಿಕೊಳ್ಳಿ. ಮೊದಲ ವಾರ ನಿಧಾನ ಆಗುತ್ತದೆ, ಪರವಾಗಿಲ್ಲ. ಬರೆಯುವಾಗ ಅಭ್ಯಾಸ ಮಾಡಿದರೆ ಮಾತಿಗೆ ತಾನಾಗಿ ಇಳಿಯುತ್ತದೆ.

ಹೆಜ್ಜೆ 1: ‘ಯಾವಾಗ?’ ಅಂತ ಕೇಳಿ

ವಾಕ್ಯದಲ್ಲಿ ಮುಗಿದುಹೋದ ಹೊತ್ತಿನ ಹೆಸರು ಇದೆಯಾ ನೋಡಿ. ನಿನ್ನೆ, ಹೋದ ವಾರ, 2019ರಲ್ಲಿ, ಎರಡು ದಿನದ ಹಿಂದೆ, ನಾನು ಹೈಸ್ಕೂಲಿನಲ್ಲಿದ್ದಾಗ. ಇದ್ದರೆ ಬೇರೆ ಯೋಚನೆ ಬೇಡ, ಸಿಂಪಲ್ ಪಾಸ್ಟ್ ಹಾಕಿ. ವೆಂಟ್, ಕೇಮ್, ಸೆಂಟ್, ಫಿನಿಶ್ಡ್, ಸಾ.

ಇಂಟರ್‌ವ್ಯೂಗಳಲ್ಲಿ ನಮ್ಮ ಮಕ್ಕಳು ಹೇಳುವ ಮೊದಲ ವಾಕ್ಯದಲ್ಲೇ ಈ ತಪ್ಪು ಇರುತ್ತದೆ: ‘ಐ ಹ್ಯಾವ್ ಕಂಪ್ಲೀಟೆಡ್ ಮೈ ಡಿಗ್ರಿ ಇನ್ 2021.’ ಕನ್ನಡದಲ್ಲಿ ‘2021ರಲ್ಲಿ ಡಿಗ್ರಿ ಮುಗಿಸಿದ್ದೇನೆ’ ಅನ್ನುವುದು ಶುದ್ಧ ವಾಕ್ಯ. ಅದರಲ್ಲಿ ಯಾವ ತಪ್ಪೂ ಇಲ್ಲ. ಇಂಗ್ಲಿಷ್‌ನಲ್ಲಿ ಮಾತ್ರ ‘ಹ್ಯಾವ್’ ಮತ್ತು ‘ಇನ್ 2021’ ಒಂದೇ ವಾಕ್ಯದಲ್ಲಿ ಕೂರುವುದಿಲ್ಲ. ಕಾರಣ ಅದರ ಹೆಸರಿನಲ್ಲೇ ಇದೆ. ‘ಹ್ಯಾವ್ ಕಂಪ್ಲೀಟೆಡ್’ ಅನ್ನುವುದು ಪ್ರೆಸೆಂಟ್ ಪರ್ಫೆಕ್ಟ್. ಅದು ಕೆಲಸ ಮುಗಿದಿದೆ ಅನ್ನುತ್ತಲೇ ಈ ಹೊತ್ತಿನ ಬಗ್ಗೆ ಮಾತಾಡುತ್ತದೆ. ‘ಇನ್ 2021’ ಅಂದ ಕೂಡಲೇ ನೀವು ಕೇಳುವವರನ್ನು 2021ಕ್ಕೆ ಕರೆದುಕೊಂಡು ಹೋದಿರಿ. ಎರಡು ಕಡೆ ಒಟ್ಟಿಗೆ ಇರೋಕೆ ಆಗಲ್ಲ, ಅಲ್ವಾ?

ಆದ್ದರಿಂದ ಎರಡರಲ್ಲಿ ಒಂದು ಆರಿಸಿ. ಇಸವಿ ಹೇಳುವುದಾದರೆ ‘ಐ ಕಂಪ್ಲೀಟೆಡ್ ಮೈ ಡಿಗ್ರಿ ಇನ್ 2021.’ ಇಸವಿ ಬೇಡ, ಡಿಗ್ರಿ ಕೈಯಲ್ಲಿದೆ ಅನ್ನುವುದಷ್ಟೇ ಮುಖ್ಯ ಅಂದರೆ ‘ಐ ಹ್ಯಾವ್ ಕಂಪ್ಲೀಟೆಡ್ ಮೈ ಡಿಗ್ರಿ.’

ಮೇಲ್‌ಗಳಲ್ಲೂ ಇದೇ ಕಥೆ. ‘ನಿನ್ನೆ ಫೈಲ್ ಕಳಿಸಿದ್ದೇನೆ’ ಅನ್ನುವುದು ‘ಐ ಸೆಂಟ್ ದಿ ಫೈಲ್ ಯೆಸ್ಟರ್‌ಡೇ’ ಆಗಬೇಕು. ‘ಹ್ಯಾವ್ ಸೆಂಟ್’ ಬೇಕೇ ಬೇಕು ಅಂದರೆ ‘ಯೆಸ್ಟರ್‌ಡೇ’ ತೆಗೆದುಬಿಡಿ.

ಕೆಲವು ಸಲ ಹೊತ್ತಿನ ಹೆಸರು ಬಾಯಲ್ಲಿ ಬರುವುದಿಲ್ಲ, ಆದರೆ ಮನಸ್ಸಿನಲ್ಲಿ ಇರುತ್ತದೆ. ಸಾಂಬಾರ್ ರುಚಿ ನೋಡಿ ‘ಇದನ್ನ ಯಾರು ಮಾಡಿದ್ದು?’ ಅಂತ ಕೇಳುತ್ತೀರಿ. ಮಾಡಿದ ಹೊತ್ತು ಮುಗಿದಿದೆ, ಅದು ಇಬ್ಬರಿಗೂ ಗೊತ್ತು. ಇಲ್ಲಿ ‘ಹೂ ಮೇಡ್ ದಿಸ್ ಸಾಂಬಾರ್?’ ಅನ್ನುವುದೇ ಸಹಜ.

ತೀರಿಕೊಂಡವರ ಬಗ್ಗೆ ಮಾತಾಡುವಾಗಲೂ ಹೀಗೆಯೇ. ‘ಕುವೆಂಪು ನಾಟಕಗಳನ್ನೂ ಬರೆದಿದ್ದಾರೆ’ ಅಂತ ನಾವು ಇವತ್ತಿಗೂ ಹೇಳುತ್ತೇವೆ, ಅದರಲ್ಲಿ ಪ್ರೀತಿಯೂ ಇದೆ. ಇಂಗ್ಲಿಷ್‌ನಲ್ಲಿ ‘ಕುವೆಂಪು ಹ್ಯಾಸ್ ರಿಟನ್ ಪ್ಲೇಸ್ ಟೂ’ ಅಂದರೆ ಅವರು ಈಗಲೂ ಬದುಕಿದ್ದಾರೆ, ಇನ್ನೂ ಬರೆಯಬಹುದು ಅನ್ನುವ ಧ್ವನಿ ಬರುತ್ತದೆ. ಅವರು 1994ರಲ್ಲಿ ತೀರಿಕೊಂಡರು. ಹಾಗಾಗಿ ‘ಕುವೆಂಪು ರೋಟ್ ಪ್ಲೇಸ್ ಟೂ.’ ಇದರ ಪಕ್ಕದಲ್ಲೇ ಇನ್ನೊಂದು ವಾಕ್ಯ ಇಟ್ಟು ನೋಡಿ: ‘ಕನ್ನಡ ರೈಟರ್ಸ್ ಹ್ಯಾವ್ ವನ್ ಎಯ್ಟ್ ಜ್ಞಾನಪೀಠ ಅವಾರ್ಡ್ಸ್.’ ಇಲ್ಲಿ ‘ಹ್ಯಾವ್’ ಸರಿ. ಕನ್ನಡದಲ್ಲಿ ಬರೆಯುವವರು ಇದ್ದಾರೆ, ಒಂಬತ್ತನೆಯದು ಬರಬಹುದು, ಲೆಕ್ಕ ಇನ್ನೂ ತೆರೆದಿದೆ. ಬಾನು ಮುಷ್ತಾಕ್ ಅವರ ಬಗ್ಗೆ ಹೇಳುವಾಗ ಇಸವಿ ಸೇರಿಸಿದರೆ ‘ಶಿ ವನ್ ದಿ ಇಂಟರ್‌ನ್ಯಾಷನಲ್ ಬುಕರ್ ಪ್ರೈಜ್ ಇನ್ 2025.’ ಇಸವಿ ಬಿಟ್ಟು ಅವರನ್ನು ಪರಿಚಯಿಸುವುದಾದರೆ ‘ಶಿ ಹ್ಯಾಸ್ ವನ್ ದಿ ಇಂಟರ್‌ನ್ಯಾಷನಲ್ ಬುಕರ್ ಪ್ರೈಜ್.’ ಎರಡೂ ಸರಿ.

ಹೆಜ್ಜೆ 2: ಹೊತ್ತಿನ ಮಾತಿಲ್ಲದಿದ್ದರೆ, ‘ಈಗ ಏನಾಗಿದೆ?’ ಅಂತ ಕೇಳಿ

‘ಬೀಗದ ಕೈ ಕಳೆದುಕೊಂಡಿದ್ದೇನೆ.’ ಯಾವಾಗ ಕಳೆಯಿತು ಅನ್ನುವುದು ಇಲ್ಲಿ ಮುಖ್ಯ ಅಲ್ಲ. ಈಗ ಬಾಗಿಲ ಮುಂದೆ ನಿಂತಿದ್ದೀರಿ, ಒಳಗೆ ಹೋಗೋಕೆ ಆಗುತ್ತಿಲ್ಲ. ‘ಐ ಹ್ಯಾವ್ ಲಾಸ್ಟ್ ಮೈ ಕೀಸ್.’ ಕೆಲಸ ಹಿಂದೆ ಆಗಿದೆ, ಅದರ ಪರಿಣಾಮ ಈಗ ಇದೆ. ಇಂಥ ಕಡೆ ‘ಹ್ಯಾವ್’ ಸರಿ.

‘ಹ್ಯಾವ್’ ಮತ್ತು ಸಿಂಪಲ್ ಪಾಸ್ಟ್, ಈ ಎರಡನ್ನು ಬೇರೆ ಮಾಡಲು ಕನ್ನಡದಲ್ಲೇ ಒಂದು ಒಳ್ಳೆಯ ಸಾಧನ ಇದೆ. ನನಗೆ ತುಂಬ ಇಷ್ಟವಾದ ಸಾಧನ. ವಾಕ್ಯವನ್ನು ‘ಇಲ್ಲ’ ಹಾಕಿ ತಿರುಗಿಸಿ. ‘ಊಟ ಮಾಡಿಲ್ಲ’ ಅಂತ ಬಂದರೆ ‘ಹ್ಯಾವಂಟ್ ಈಟನ್.’ ‘ಊಟ ಮಾಡಲಿಲ್ಲ’ ಅಂತ ಬಂದರೆ ‘ಡಿಡಂಟ್ ಈಟ್.’ ನಮ್ಮಲ್ಲಿ ಯಾರೂ ‘ನಿನ್ನೆ ರಾತ್ರಿ ಊಟ ಮಾಡಲಿಲ್ಲ’ ಮತ್ತು ‘ಇನ್ನೂ ಊಟ ಮಾಡಿಲ್ಲ’ ಇವೆರಡನ್ನು ಅದಲು ಬದಲು ಮಾಡುವುದಿಲ್ಲ. ‘ಇನ್ನೂ ಊಟ ಮಾಡಲಿಲ್ಲ’ ಅಂದರೆ ಚಿಕ್ಕ ಮಗುವಿಗೂ ಏನೋ ಸರಿ ಇಲ್ಲ ಅನ್ನಿಸುತ್ತದೆ. ಆ ಕಿವಿ ನಿಮಗೆ ಹುಟ್ಟಿನಿಂದ ಬಂದಿದೆ. ಅದನ್ನೇ ಇಂಗ್ಲಿಷ್‌ಗೆ ಬಳಸಿ. ‘ಇಂಟರ್‌ವ್ಯೂ ರಿಸಲ್ಟ್ ಇನ್ನೂ ಬಂದಿಲ್ಲ’ ಅಂದರೆ ‘ದಿ ರಿಸಲ್ಟ್ ಹ್ಯಾಸಂಟ್ ಕಮ್ ಯೆಟ್.’ ‘ಆ ದಿನ ರಿಸಲ್ಟ್ ಬರಲಿಲ್ಲ’ ಅಂದರೆ ‘ದಿ ರಿಸಲ್ಟ್ ಡಿಡಂಟ್ ಕಮ್ ದಟ್ ಡೇ.’

ಬದುಕಿನಲ್ಲಿ ಎಂದಾದರೂ ಆಗಿದೆಯಾ ಅಂತ ಕೇಳುವಾಗಲೂ ‘ಹ್ಯಾವ್’ ಬೇಕು. ‘ಯಾವಾಗಾದರೂ ಹಂಪಿಗೆ ಹೋಗಿದ್ದೀರಾ?’ ಇದು ‘ಹ್ಯಾವ್ ಯು ಎವರ್ ಬೀನ್ ಟು ಹಂಪಿ?’ ‘ಗಾನ್’ ಹಾಕಬೇಡಿ. ‘ಶಿ ಹ್ಯಾಸ್ ಗಾನ್ ಟು ಹಂಪಿ’ ಅಂದರೆ ಅವರು ಹೋದವರು ಇನ್ನೂ ವಾಪಸ್ ಬಂದಿಲ್ಲ ಅಂತ. ‘ಶಿ ಹ್ಯಾಸ್ ಬೀನ್ ಟು ಹಂಪಿ’ ಅಂದರೆ ನೋಡಿಕೊಂಡು ಬಂದಿದ್ದಾರೆ ಅಂತ. ಕನ್ನಡದ ‘ಹೋಗಿದ್ದಾರೆ’ ಎರಡಕ್ಕೂ ಆಗುತ್ತದೆ, ಆದ್ದರಿಂದ ಇಲ್ಲಿ ಒಂದು ಕ್ಷಣ ನಿಂತು ಆರಿಸಬೇಕು.

ಮಾತು ಮುಂದುವರಿದಾಗ ರೂಪ ಬದಲಾಗುವುದನ್ನೂ ಗಮನಿಸಿ. ‘ಯೆಸ್, ಐ ಹ್ಯಾವ್. ಐ ವೆಂಟ್ ದೇರ್ ಇನ್ 2018. ವಿ ಸ್ಟೇಡ್ ಇನ್ ಹೊಸಪೇಟೆ.’ ಬಾಗಿಲು ತೆರೆಯುವುದು ‘ಹ್ಯಾವ್’. ವಿವರಕ್ಕೆ ಇಳಿದ ಮೇಲೆ ಪೂರ್ತಿ ಸಿಂಪಲ್ ಪಾಸ್ಟ್. ಇಂಗ್ಲಿಷ್‌ನವರು ಮಾತಾಡುವುದನ್ನು ಹತ್ತು ನಿಮಿಷ ಕೇಳಿ, ಈ ತಿರುವು ಮತ್ತೆ ಮತ್ತೆ ಸಿಗುತ್ತದೆ.

ಅಮೆರಿಕದಲ್ಲಿರುವ ನೆಂಟರು ‘ಐ ಆಲ್ರೆಡಿ ಏಟ್’ ಅಂದರೆ ಗಲಿಬಿಲಿ ಬೇಡ. ಆಲ್ರೆಡಿ, ಜಸ್ಟ್, ಯೆಟ್ ಇದ್ದಾಗ ಅಮೆರಿಕದವರು ಸಿಂಪಲ್ ಪಾಸ್ಟ್ ಬಳಸುವುದು ಸಾಮಾನ್ಯ. ಬ್ರಿಟಿಷರು ಅಲ್ಲಿ ಹೆಚ್ಚಾಗಿ ‘ಐ ಹ್ಯಾವ್ ಆಲ್ರೆಡಿ ಈಟನ್’ ಅನ್ನುತ್ತಾರೆ. ಪರೀಕ್ಷೆ ಬರೆಯುವವರು ಬ್ರಿಟಿಷ್ ರೂಪ ಹಿಡಿದುಕೊಂಡರೆ ಕ್ಷೇಮ.

‘ಹತ್ತು ವರ್ಷದಿಂದ’ ಅನ್ನುವ ಸಣ್ಣ ಬಲೆ

‘ಹತ್ತು ವರ್ಷದಿಂದ ಇಲ್ಲಿ ಕೆಲಸ ಮಾಡುತ್ತಿದ್ದೇನೆ.’ ಕನ್ನಡದಲ್ಲಿ ಇದು ವರ್ತಮಾನ. ಹಾಗಾಗಿ ‘ಐ ಆ್ಯಮ್ ವರ್ಕಿಂಗ್ ಹಿಯರ್ ಸಿನ್ಸ್ ಟೆನ್ ಇಯರ್ಸ್’ ಅಂತ ಬಂದುಬಿಡುತ್ತದೆ. ಇದರಲ್ಲಿ ಎರಡು ತಪ್ಪಿವೆ. ಹಿಂದೆ ಶುರುವಾಗಿ ಈಗಲೂ ನಡೆಯುತ್ತಿರುವ ಕೆಲಸಕ್ಕೆ ‘ಹ್ಯಾವ್ ಬೀನ್ ವರ್ಕಿಂಗ್’ ಬೇಕು. ಇನ್ನೊಂದು, ನಮ್ಮ ‘ಇಂದ’ ಅನ್ನುವುದಕ್ಕೆ ಇಂಗ್ಲಿಷ್‌ನಲ್ಲಿ ಎರಡು ಮಾತಿವೆ. ಶುರುವಾದ ಜಾಗ ಹೇಳಿದರೆ ‘ಸಿನ್ಸ್’: ಸಿನ್ಸ್ 2015, ಸಿನ್ಸ್ ಮಂಡೇ. ಎಷ್ಟು ಕಾಲ ಅಂತ ಅಳತೆ ಹೇಳಿದರೆ ‘ಫಾರ್’: ಫಾರ್ ಟೆನ್ ಇಯರ್ಸ್, ಫಾರ್ ತ್ರೀ ಡೇಸ್. ಸರಿಯಾದ ವಾಕ್ಯ ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಟೆನ್ ಇಯರ್ಸ್.’

ಆ ಕೆಲಸ ಬಿಟ್ಟಾಗಿದೆ ಅಂದರೆ ‘ಹ್ಯಾವ್’ ಕೂಡ ಬಿಡಬೇಕು. ‘ಐ ವರ್ಕ್ಡ್ ದೇರ್ ಫಾರ್ ಟೆನ್ ಇಯರ್ಸ್.’ ಇಂಟರ್‌ವ್ಯೂನಲ್ಲಿ ಇದು ಸಣ್ಣ ವಿಷಯ ಅಲ್ಲ. ನೀವು ಈಗಲೂ ಅಲ್ಲೇ ಇದ್ದೀರೋ ಇಲ್ಲವೋ ಅನ್ನುವುದು ಈ ಒಂದು ಮಾತಿನಿಂದಲೇ ಅವರಿಗೆ ತಿಳಿಯುತ್ತದೆ.

ಹೆಜ್ಜೆ 3: ‘-ಉತ್ತಿದ್ದೆ’ ಬಂದರೆ, ಆ ಹೊತ್ತಿನದ್ದಾ, ರೂಢಿಯದ್ದಾ?

‘ಕೆರೆಯಲ್ಲಿ ಈಜುತ್ತಿದ್ದೆ.’ ಈ ಒಂದು ವಾಕ್ಯಕ್ಕೆ ಎರಡು ಅರ್ಥ ಇದೆ. ‘ನೀನು ಕರೆದಾಗ ಕೆರೆಯಲ್ಲಿ ಈಜುತ್ತಿದ್ದೆ’ ಅಂದರೆ ಆ ಹೊತ್ತಿಗೆ ನಡೆಯುತ್ತಿದ್ದ ಕೆಲಸ. ‘ಚಿಕ್ಕವನಿದ್ದಾಗ ಕೆರೆಯಲ್ಲಿ ಈಜುತ್ತಿದ್ದೆ’ ಅಂದರೆ ಮತ್ತೆ ಮತ್ತೆ ಮಾಡುತ್ತಿದ್ದ ರೂಢಿ. ಕನ್ನಡಕ್ಕೆ ಒಂದೇ ರೂಪ ಸಾಕು, ಸುತ್ತಲಿನ ಮಾತು ಅರ್ಥ ಬಿಡಿಸುತ್ತದೆ.

ಇಂಗ್ಲಿಷ್ ಇಲ್ಲಿ ಎರಡು ದಾರಿ ಹಿಡಿಯುತ್ತದೆ. ಆ ಹೊತ್ತಿನದ್ದಾದರೆ ‘ಐ ವಾಸ್ ಸ್ವಿಮಿಂಗ್ ವೆನ್ ಯು ಕಾಲ್ಡ್.’ ರೂಢಿಯಾದರೆ ‘ಐ ಯೂಸ್ಡ್ ಟು ಸ್ವಿಮ್ ಇನ್ ದಿ ಟ್ಯಾಂಕ್ ವೆನ್ ಐ ವಾಸ್ ಎ ಬಾಯ್.’ ಸುಮ್ನೆ ‘ಐ ಸ್ವಾಮ್ ಎವೆರಿ ಸಂಡೇ’ ಅಂದರೂ ಸರಿ. ‘ವೆನ್ ಐ ವಾಸ್ ಎ ಬಾಯ್ ಐ ವಾಸ್ ಸ್ವಿಮಿಂಗ್’ ಅಂದರೆ ಬಾಲ್ಯವೆಲ್ಲ ನೀರಲ್ಲೇ ಕಳೆದ ಹಾಗೆ ಕೇಳಿಸುತ್ತದೆ.

ಪರೀಕ್ಷೆ ಸುಲಭ. ವಾಕ್ಯಕ್ಕೆ ‘ಆಗೆಲ್ಲ’ ಅಥವಾ ‘ಮೊದಲೆಲ್ಲ’ ಸೇರಿಸಿ ನೋಡಿ. ಹೊಂದಿದರೆ ‘ಯೂಸ್ಡ್ ಟು.’ ‘ಅಷ್ಟೊತ್ತಿಗೆ’ ಹೊಂದಿದರೆ ‘ವಾಸ್’ ಮತ್ತು ‘ಇಂಗ್.’ ‘ಮೊದಲೆಲ್ಲ ಅಜ್ಜಿ ನಮಗೆ ಕಥೆ ಹೇಳುತ್ತಿದ್ದರು’ ಅನ್ನುವುದು ‘ಮೈ ಗ್ರ್ಯಾಂಡ್‌ಮದರ್ ಯೂಸ್ಡ್ ಟು ಟೆಲ್ ಅಸ್ ಸ್ಟೋರೀಸ್.’ ‘ಅಡುಗೆ ಮಾಡುತ್ತಿದ್ದೆ, ಅಷ್ಟೊತ್ತಿಗೆ ಕರೆಂಟ್ ಹೋಯ್ತು’ ಅನ್ನುವುದು ‘ಐ ವಾಸ್ ಕುಕಿಂಗ್ ವೆನ್ ದಿ ಪವರ್ ವೆಂಟ್ ಔಟ್.’

ಇದರ ಜೊತೆಗೇ ಇನ್ನೊಂದು. ಗೊತ್ತಿರುವುದು, ಇಷ್ಟ, ಬೇಕು, ನಂಬಿಕೆ, ಹತ್ತಿರ ಇರುವುದು, ಇವು ಕೆಲಸಗಳಲ್ಲ, ಸ್ಥಿತಿಗಳು. ಇವಕ್ಕೆ ‘ಇಂಗ್’ ಹಚ್ಚಬಾರದು. ‘ನನಗೆ ಗೊತ್ತಿತ್ತು’ ಅಂದರೆ ‘ಐ ನ್ಯೂ.’ ‘ಐ ವಾಸ್ ನೋಯಿಂಗ್’ ಅನ್ನುವ ಮಾತಿಲ್ಲ. ‘ನನ್ನ ಹತ್ತಿರ ಬೈಕ್ ಇತ್ತು’ ಅಂದರೆ ‘ಐ ಹ್ಯಾಡ್ ಎ ಬೈಕ್.’ ‘ಐ ವಾಸ್ ಹ್ಯಾವಿಂಗ್ ಎ ಬೈಕ್’ ಬೇಡ. ಕನ್ನಡದಲ್ಲೂ ‘ಗೊತ್ತಾಗುತ್ತಿತ್ತು’ ಮತ್ತು ‘ಗೊತ್ತಿತ್ತು’ ಬೇರೆಯೇ ಅಲ್ವಾ? ‘ಗೊತ್ತಿತ್ತು, ಇತ್ತು, ಬೇಕಿತ್ತು’ ಅಂತ ಮುಗಿಯುವ ಕಡೆಯೆಲ್ಲ ಈ ಎಚ್ಚರ ಇರಲಿ.

ಹೆಜ್ಜೆ 4: ‘ಹ್ಯಾಡ್’ ಹಾಕುವ ಮೊದಲು ಎರಡನೆಯ ಘಟನೆ ಹುಡುಕಿ

ಈಗ ಮೈಸೂರಿಗೆ ವಾಪಸ್ ಬರೋಣ. ಈ ಲೇಖನದಲ್ಲಿ ಒಂದೇ ಒಂದು ವಿಷಯ ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ.

ನಾವು ‘ನಿನ್ನೆ ಮೈಸೂರಿಗೆ ಹೋಗಿದ್ದೆ’ ಅಂತ ಯಾಕೆ ಹೇಳುತ್ತೇವೆ? ‘ಹೋದೆ’ ಅಂದರೆ ಸಾಕಿತ್ತಲ್ಲ? ಸಾಲುವುದಿಲ್ಲ. ‘ನಿನ್ನೆ ಮೈಸೂರಿಗೆ ಹೋದೆ’ ಅಂದರೆ ಕೇಳುವವರು ‘ಆಮೇಲೆ?’ ಅಂತಾರೆ. ‘ಹೋಗಿದ್ದೆ’ ಅಂದರೆ ಹೋದೆ, ಅಲ್ಲಿ ಇದ್ದೆ, ಬಂದೆ, ಆ ವಿಷಯ ಅಲ್ಲಿಗೆ ಮುಗಿಯಿತು ಅಂತ ಒಂದೇ ಮಾತಿನಲ್ಲಿ ಹೇಳಿದ ಹಾಗೆ. ಕನ್ನಡದ ‘-ಇದ್ದೆ’ ಘಟನೆಯನ್ನು ಮುಗಿಸಿ ಗಂಟು ಕಟ್ಟಿ ಕೊಡುತ್ತದೆ. ಎಷ್ಟು ಚಂದದ ರೂಪ ನೋಡಿ.

ಇಂಗ್ಲಿಷ್‌ನ ‘ಹ್ಯಾಡ್’ ಮಾಡುವ ಕೆಲಸ ಬೇರೆ. ನೀವು ಹಿಂದಿನ ಒಂದು ಹೊತ್ತಿನಲ್ಲಿ ನಿಂತು, ಅದಕ್ಕಿಂತಲೂ ಹಿಂದೆ ತಿರುಗಿ ನೋಡುತ್ತಿದ್ದೀರಿ ಅಂತ ಅದು ಹೇಳುತ್ತದೆ. ಅದಕ್ಕೆ ಯಾವಾಗಲೂ ಎರಡು ಹೊತ್ತು ಬೇಕು. ‘ಐ ಹ್ಯಾಡ್ ಗಾನ್ ಟು ಮೈಸೂರು’ ಅಂತ ಒಂದನ್ನೇ ಹೇಳಿ ನಿಲ್ಲಿಸಿದರೆ ಕೇಳುವವರು ಇನ್ನೊಂದಕ್ಕೆ ಕಾಯುವುದು ಇದಕ್ಕೇ. ‘ಹೋದೆ’ ಅಂದಾಗ ನಾವು ಮುಂದಿನ ಮಾತಿಗೆ ಕಾಯುವ ಹಾಗೆ ‘ಹ್ಯಾಡ್ ಗಾನ್’ ಅಂದಾಗ ಅವರು ಕಾಯುತ್ತಾರೆ. ಎರಡು ಭಾಷೆಯ ಕಿವಿ ಇಲ್ಲಿ ತಿರುವುಮುರುವು.

ದಿನವೂ ಬರುವ ವಾಕ್ಯಗಳನ್ನು ನೋಡಿ. ‘ನಿಮಗೆ ಮೇಲ್ ಕಳಿಸಿದ್ದೆ, ನೋಡಿದ್ರಾ?’ ಇದು ‘ಐ ಸೆಂಟ್ ಯು ಎ ಮೇಲ್. ಡಿಡ್ ಯು ಸೀ ಇಟ್?’ ‘ನಾನು ಆಗಲೇ ಹೇಳಿದ್ದೆ’ ಅನ್ನುವುದು ‘ಐ ಟೋಲ್ಡ್ ಯು.’ ‘ನಿನ್ನೆ ನಿಮ್ಮ ಮನೆಗೆ ಬಂದಿದ್ದೆ, ನೀವು ಇರಲಿಲ್ಲ’ ಅನ್ನುವುದು ‘ಐ ಕೇಮ್ ಟು ಯುವರ್ ಪ್ಲೇಸ್ ಯೆಸ್ಟರ್‌ಡೇ, ಬಟ್ ಯು ವರಂಟ್ ದೇರ್.’ ಎಲ್ಲದರಲ್ಲೂ ಕನ್ನಡದ ‘-ಇದ್ದೆ’ ಇಂಗ್ಲಿಷ್‌ನ ಸಿಂಪಲ್ ಪಾಸ್ಟ್ ಆಯಿತು.

ಹಾಗಾದರೆ ‘ಹ್ಯಾಡ್’ ನಿಜವಾಗಿ ಬೇಕಾಗುವುದು ಎಲ್ಲಿ? ‘ನಾನು ಸ್ಟೇಷನ್ ತಲುಪುವಷ್ಟರಲ್ಲಿ ರೈಲು ಹೊರಟುಹೋಗಿತ್ತು.’ ಎರಡು ಘಟನೆ ಇವೆ. ಮೊದಲು ಆದದ್ದು ರೈಲು ಹೊರಟಿದ್ದು. ಆದರೆ ನೀವು ತಲುಪಿದ್ದನ್ನು ಮೊದಲು ಹೇಳಿ ರೈಲಿಗೆ ಹಿಂದೆ ಹೋದಿರಿ. ‘ಬೈ ದಿ ಟೈಮ್ ಐ ರೀಚ್ಡ್ ದಿ ಸ್ಟೇಷನ್, ದಿ ಟ್ರೈನ್ ಹ್ಯಾಡ್ ಲೆಫ್ಟ್.’ ಇಲ್ಲಿ ‘ವೆನ್ ಐ ರೀಚ್ಡ್ ದಿ ಸ್ಟೇಷನ್, ದಿ ಟ್ರೈನ್ ಲೆಫ್ಟ್’ ಅಂದರೆ ನೀವು ಬಂದಿರಿ, ಆಗ ರೈಲು ಹೊರಟಿತು ಅಂತ ಅರ್ಥ ಬದಲಾಗುತ್ತದೆ. ಓಡಿದ್ದರೆ ಸಿಗುತ್ತಿತ್ತೇನೋ! ‘ಹ್ಯಾಡ್’ ಇದ್ದರೆ ಓಡಿ ಉಪಯೋಗವಿಲ್ಲ.

ಇತಿಹಾಸದಿಂದ ಒಂದು. ಸರ್ ಎಂ. ವಿಶ್ವೇಶ್ವರಯ್ಯ ಮೈಸೂರಿನ ದಿವಾನರಾದದ್ದು 1912ರಲ್ಲಿ. ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾದದ್ದು 1911ರಲ್ಲಿ, ಅವರು ಚೀಫ್ ಎಂಜಿನಿಯರ್ ಆಗಿದ್ದಾಗ. ನಡೆದ ಕ್ರಮದಲ್ಲೇ ಹೇಳಿದರೆ ‘ಹ್ಯಾಡ್’ ಬೇಡವೇ ಬೇಡ: ‘ವರ್ಕ್ ಆನ್ ದಿ ಡ್ಯಾಮ್ ಬಿಗ್ಯಾನ್ ಇನ್ 1911. ಹಿ ಬಿಕೇಮ್ ದಿವಾನ್ ಇನ್ 1912.’ ದಿವಾನಗಿರಿಯಿಂದ ಶುರು ಮಾಡಿ ಹಿಂದೆ ಹೋದರೆ ಬೇಕು: ‘ಹಿ ಬಿಕೇಮ್ ದಿವಾನ್ ಇನ್ 1912. ವರ್ಕ್ ಆನ್ ದಿ ಡ್ಯಾಮ್ ಹ್ಯಾಡ್ ಬಿಗನ್ ದಿ ಇಯರ್ ಬಿಫೋರ್.’ ಘಟನೆ ಅದೇ, ಇಸವಿಯೂ ಅದೇ. ಹೇಳುವ ಕ್ರಮ ತಿರುಗಿದ್ದರಿಂದ ‘ಹ್ಯಾಡ್’ ಬಂತು. ಇದನ್ನು ಎರಡು ಸಲ ಓದಿ. ಪಾಸ್ಟ್ ಪರ್ಫೆಕ್ಟ್, ಅಂದರೆ ಈ ‘ಹ್ಯಾಡ್’ ರೂಪದ ಬಗ್ಗೆ ಇದಕ್ಕಿಂತ ಜಾಸ್ತಿ ಕಲಿಯುವುದು ಬಹಳ ಇಲ್ಲ.

‘ಬಿಫೋರ್’, ‘ಆಫ್ಟರ್’ ಇದ್ದಾಗ ಕ್ರಮ ಆ ಮಾತಿನಿಂದಲೇ ಗೊತ್ತಾಗುತ್ತದೆ, ಹಾಗಾಗಿ ‘ಹ್ಯಾಡ್’ ಇಲ್ಲದಿದ್ದರೂ ನಡೆಯುತ್ತದೆ. ‘ಊಟ ಮಾಡಿ ಹೊರಟೆ’ ಅನ್ನುವುದಕ್ಕೂ ಬೇಡ. ‘ಐ ಏಟ್ ಆ್ಯಂಡ್ ಲೆಫ್ಟ್.’

ಕನ್ನಡ, ಇಂಗ್ಲಿಷ್ ಎರಡೂ ಕೈ ಹಿಡಿದು ನಡೆಯುವ ಒಂದು ಜಾಗ ಇದೆ. ‘ನೀವು ಬಂದಿದ್ದರೆ ಅವರು ಸಿಗುತ್ತಿದ್ದರು.’ ‘ಇಫ್ ಯು ಹ್ಯಾಡ್ ಕಮ್, ಯು ವುಡ್ ಹ್ಯಾವ್ ಮೆಟ್ ದೆಮ್.’ ಹೀಗೆ ಆಗದೇ ಹೋದದ್ದರ ಬಗ್ಗೆ ‘-ಇದ್ದರೆ’ ಬಂದ ಕಡೆ ಧೈರ್ಯವಾಗಿ ‘ಹ್ಯಾಡ್’ ಹಾಕಿ. ‘ಇಫ್ ಯು ವುಡ್ ಹ್ಯಾವ್ ಕಮ್’ ಅನ್ನುವುದನ್ನು ಬಿಡಿ, ‘ವುಡ್’ ಎರಡನೆಯ ಅರ್ಧಕ್ಕೆ ಸೇರಿದ್ದು.

ಹೆಜ್ಜೆ 5: ‘ಡಿಡ್’ ಬಂದರೆ ಕ್ರಿಯಾಪದವನ್ನು ಮುಟ್ಟಬೇಡಿ

‘ಡಿಡ್ ನಾಟ್ ವೆಂಟ್’ ತಪ್ಪು ಅಂತ ಎಲ್ಲರಿಗೂ ಗೊತ್ತು, ಆದರೂ ಬಾಯಿ ತಪ್ಪಿ ಬರುತ್ತದೆ. ಅದಕ್ಕೆ ಕನ್ನಡವನ್ನೇ ನೆನಪಿಸಿಕೊಳ್ಳಿ. ನಾವು ‘ಹೋಗಲಿಲ್ಲ’ ಅನ್ನುತ್ತೇವೆ, ‘ಹೋದಲಿಲ್ಲ’ ಅನ್ನುವುದಿಲ್ಲ. ‘ಬರಲಿಲ್ಲ’ ಅನ್ನುತ್ತೇವೆ, ‘ಬಂದಲಿಲ್ಲ’ ಅಲ್ಲ. ‘-ಲಿಲ್ಲ’ ಅನ್ನುವಾಗ ನಮ್ಮ ಕ್ರಿಯಾಪದ ಮೂಲ ರೂಪಕ್ಕೆ ಹೋಗುತ್ತದೆ. ಇಂಗ್ಲಿಷ್‌ನಲ್ಲೂ ಅದೇ: ಡಿಡಂಟ್ ಗೋ, ಡಿಡಂಟ್ ಕಮ್. ಪ್ರಶ್ನೆಗೂ ಇದೇ ನಿಯಮ. ‘ವೆನ್ ಯು ಕೇಮ್?’ ಬೇಡ, ‘ವೆನ್ ಡಿಡ್ ಯು ಕಮ್?’ ಯಾರು ಮಾಡಿದ್ದು ಅಂತ ಕೇಳುವಾಗ ಮಾತ್ರ ‘ಡಿಡ್’ ಬೇಕಿಲ್ಲ. ‘ಹೂ ಕೇಮ್?’ ಅಂದರೆ ಸಾಕು.

ಹೆಜ್ಜೆ 6: ‘ಅಂತ’ ಇದ್ದರೆ ಒಂದು ಮೆಟ್ಟಿಲು ಹಿಂದಕ್ಕೆ

‘ಹುಷಾರಿಲ್ಲ ಅಂತ ಹೇಳಿದ.’ ಕನ್ನಡ ಅವನ ಮಾತನ್ನು ಹಾಗೇ ಎತ್ತಿ ಇಡುತ್ತದೆ. ಇಂಗ್ಲಿಷ್ ‘ಸೆಡ್’ ಜೊತೆ ಒಳಗಿನ ಮಾತನ್ನೂ ಹಿಂದಕ್ಕೆ ಸರಿಸುತ್ತದೆ: ‘ಹಿ ಸೆಡ್ ಹಿ ವಾಸ್ ನಾಟ್ ವೆಲ್.’ ‘ನಾಳೆ ಬರ್ತೀನಿ ಅಂದಳು’ ಅನ್ನುವುದು ‘ಶಿ ಸೆಡ್ ಶಿ ವುಡ್ ಕಮ್ ದಿ ನೆಕ್ಸ್ಟ್ ಡೇ.’ ಈಸ್ ಇದ್ದದ್ದು ವಾಸ್, ವಿಲ್ ಇದ್ದದ್ದು ವುಡ್, ಹ್ಯಾವ್ ಇದ್ದದ್ದು ಹ್ಯಾಡ್.

ಭೂತಕಾಲದ ವೇಷದಲ್ಲಿ ಬರುವವು

ಕೆಲವು ಕಡೆ ಕನ್ನಡದಲ್ಲಿ ಭೂತಕಾಲ ಇರುತ್ತದೆ, ಕೆಲಸ ಮಾತ್ರ ಇನ್ನೂ ಆಗಿರುವುದಿಲ್ಲ. ಅಡುಗೆಮನೆಯಿಂದ ಅಮ್ಮ ಕರೆದರೆ ರೂಮಿನಲ್ಲಿ ಕೂತೇ ‘ಬಂದೆ, ಬಂದೆ’ ಅನ್ನುತ್ತೇವೆ. ಇದು ‘ಐ ಆ್ಯಮ್ ಕಮಿಂಗ್.’ ದೂರದಲ್ಲಿ ಬಸ್ ಕಂಡ ಕೂಡಲೇ ‘ಬಸ್ ಬಂತು’ ಅನ್ನುತ್ತೇವೆ. ಇದು ‘ದಿ ಬಸ್ ಈಸ್ ಕಮಿಂಗ್.’ ‘ಮಳೆ ಬಂದರೆ’ ಅನ್ನುವುದರಲ್ಲೂ ‘ಬಂದ’ ಇದೆ, ಆದರೆ ಇಂಗ್ಲಿಷ್‌ನಲ್ಲಿ ‘ಇಫ್ ಇಟ್ ರೇನ್ಸ್.’ ಇಲ್ಲೆಲ್ಲ ರೂಪ ಬಿಟ್ಟು ಅರ್ಥ ಹಿಡಿಯಬೇಕು.

ರೂಪಗಳನ್ನು ಕಲಿಯುವ ಬಗ್ಗೆ ಒಂದೆರಡು ಮಾತು. ಗೋ-ವೆಂಟ್, ಬೈ-ಬಾಟ್, ಟೀಚ್-ಟಾಟ್ ಎಲ್ಲ ವಿಚಿತ್ರ ಅನ್ನಿಸಿದರೆ ನಮ್ಮ ಬರು-ಬಂದ, ಕೊಡು-ಕೊಟ್ಟ, ಏಳು-ಎದ್ದ, ನಗು-ನಕ್ಕ ನೆನಪಿಸಿಕೊಳ್ಳಿ. ಇವನ್ನು ನಾವು ಪಟ್ಟಿ ನೋಡಿ ಕಲಿಯಲಿಲ್ಲ, ಮಾತಿನಲ್ಲಿ ಕಲಿತೆವು. ದಿನಕ್ಕೆ ಮೂರು ಕ್ರಿಯಾಪದ, ಒಂದೊಂದಕ್ಕೂ ನಿಮ್ಮ ಬದುಕಿನದ್ದೇ ಒಂದು ವಾಕ್ಯ, ಅಷ್ಟು ಸಾಕು. ಉಚ್ಚಾರವನ್ನೂ ಗಮನಿಸಿ. ಬರೆಯುವಾಗ ಕೊನೆಗೆ ‘ಇ, ಡಿ’ ಅಂತ ಒಂದೇ ಇದ್ದರೂ ಕೇಳುವಾಗ ಮೂರು ಬಗೆ. ವಾಕ್ ಆದಾಗ ‘ವಾಕ್ಟ್’, ಕಾಲ್ ಆದಾಗ ‘ಕಾಲ್ಡ್’, ವಾಂಟ್ ಆದಾಗ ‘ವಾಂಟಿಡ್’. ‘ವಾಕೆಡ್’, ‘ಆಸ್ಕೆಡ್’ ಅನ್ನಬೇಡಿ. ರೀಡ್ ಅನ್ನುವುದರ ಸ್ಪೆಲಿಂಗ್ ಭೂತಕಾಲದಲ್ಲಿ ಬದಲಾಗಲ್ಲ, ಓದುವಾಗ ಮಾತ್ರ ‘ರೆಡ್.’

ಈಗ ನೀವೇ ಮಾಡಿ

ಈ ಕನ್ನಡ ಸಾಲುಗಳನ್ನು ಒಂದು ಹಾಳೆಯಲ್ಲಿ ಇಂಗ್ಲಿಷ್‌ಗೆ ತನ್ನಿ. ಕೆಳಗಿನದನ್ನು ಆಮೇಲೆ ಓದಿ.

‘ಹೋದ ಶನಿವಾರ ಅಕ್ಕನ ಮನೆಗೆ ಹೋಗಿದ್ದೆ. ನಾನು ತಲುಪುವಷ್ಟರಲ್ಲಿ ಎಲ್ಲರೂ ಊಟ ಮುಗಿಸಿದ್ದರು. ಭಾವ ಟಿವಿ ನೋಡುತ್ತಿದ್ದರು. “ಫೋನ್ ಯಾಕೆ ಮಾಡಲಿಲ್ಲ?” ಅಂತ ಅಕ್ಕ ಕೇಳಿದಳು. “ಎರಡು ಸಲ ಮಾಡಿದ್ದೆ, ನೀನು ಎತ್ತಲ್ಲ” ಅಂದೆ. ಮೊದಲೆಲ್ಲ ವಾರಕ್ಕೊಮ್ಮೆ ಅಲ್ಲಿಗೆ ಹೋಗುತ್ತಿದ್ದೆ. ಈ ವರ್ಷ ಎರಡೇ ಸಲ ಹೋಗಿದ್ದೇನೆ.’

ನನ್ನ ಉತ್ತರ ಹೀಗಿದೆ. ‘ಲಾಸ್ಟ್ ಸ್ಯಾಟರ್‌ಡೇ ಐ ವೆಂಟ್ ಟು ಮೈ ಸಿಸ್ಟರ್ಸ್ ಹೌಸ್. ಬೈ ದಿ ಟೈಮ್ ಐ ಗಾಟ್ ದೇರ್, ಎವೆರಿವನ್ ಹ್ಯಾಡ್ ಫಿನಿಶ್ಡ್ ಲಂಚ್. ಮೈ ಬ್ರದರ್ ಇನ್ ಲಾ ವಾಸ್ ವಾಚಿಂಗ್ ಟಿವಿ. “ವೈ ಡಿಡಂಟ್ ಯು ಕಾಲ್?” ಮೈ ಸಿಸ್ಟರ್ ಆಸ್ಕ್ಡ್. “ಐ ಕಾಲ್ಡ್ ಟ್ವೈಸ್. ಯು ನೆವರ್ ಪಿಕ್ ಅಪ್,” ಐ ಸೆಡ್. ಐ ಯೂಸ್ಡ್ ಟು ಗೋ ದೇರ್ ಎವೆರಿ ವೀಕ್. ದಿಸ್ ಇಯರ್ ಐ ಹ್ಯಾವ್ ಬೀನ್ ದೇರ್ ಓನ್ಲಿ ಟ್ವೈಸ್.’

ಕನ್ನಡದಲ್ಲಿ ‘ಹೋಗಿದ್ದೆ, ಮುಗಿಸಿದ್ದರು, ಮಾಡಿದ್ದೆ’ ಅಂತ ಒಂದೇ ಅಚ್ಚಿನ ಮೂರು ರೂಪ ಇದ್ದವು. ಇಂಗ್ಲಿಷ್‌ನಲ್ಲಿ ‘ಹ್ಯಾಡ್’ ಸಿಕ್ಕಿದ್ದು ಊಟ ಮುಗಿಸಿದವರಿಗೆ ಮಾತ್ರ. ನಾನು ತಲುಪಿದ ಹೊತ್ತಿನಲ್ಲಿ ನಿಂತು ಹಿಂದೆ ನೋಡಿದ್ದು ಅದೊಂದೇ ಕಡೆ. ‘ಎತ್ತಲ್ಲ’ ಅನ್ನುವುದು ಅಕ್ಕನ ರೂಢಿಯ ಮೇಲಿನ ದೂರು, ಅದಕ್ಕೇ ಅಲ್ಲಿ ಭೂತಕಾಲವೇ ಬರಲಿಲ್ಲ. ನೀವು ‘ಆ ಸಲ ಎತ್ತಲಿಲ್ಲ’ ಅಂತ ತೆಗೆದುಕೊಂಡು ‘ಯು ಡಿಡಂಟ್ ಪಿಕ್ ಅಪ್’ ಬರೆದಿದ್ದರೆ ಅದೂ ಒಪ್ಪುವ ಮಾತೇ.

ಇನ್ನು ಆ ಎರಡು ಫೋನ್ ಕಾಲ್. ಅಕ್ಕನ ಎದುರು ನೇರವಾಗಿ ಹೇಳುವಾಗ ‘ಐ ಕಾಲ್ಡ್ ಟ್ವೈಸ್.’ ಅದೇ ಮಾತನ್ನು ಸೋಮವಾರ ಆಫೀಸಿನಲ್ಲಿ ಗೆಳತಿಗೆ ವರದಿ ಮಾಡಿದರೆ ‘ಐ ಟೋಲ್ಡ್ ಹರ್ ಐ ಹ್ಯಾಡ್ ಕಾಲ್ಡ್ ಟ್ವೈಸ್.’ ಈಗ ಎರಡು ಹೊತ್ತು ಸೇರಿದವು: ಅಕ್ಕನಿಗೆ ಹೇಳಿದ್ದು, ಅದಕ್ಕೂ ಮೊದಲು ಫೋನ್ ಮಾಡಿದ್ದು. ‘ಹ್ಯಾಡ್’ಗೆ ಜಾಗ ಆಯಿತು.